ಓಣಿಯ ಆ ತುದಿಯಿಂದ ಕೂಗಿದಾಗ

ಸವದತ್ತಿ ಎಲ್ಲಮ್ಮ, ಬಾದಾಮಿ ಬನಶಂಕರಿ, ಚಿಂಚಲಿ ಮಾಯಕ್ಕ, ಮೇಲೆ ಊರಿಗೊಬ್ಬ ದ್ಯಾಮವ್ವ. ಇಷ್ಟು ದೇವಿಯರಿರುವ ಸೀಮೆಯಲ್ಲಿ ಹೆಣ್ಣುಕೂಸಿನ ಹೆಸರಿಗೆ ಬರ ಬರಬಾರದಿತ್ತು. ಬಂದಿದೆ. ಎಲ್ಲವ್ವ ಆಯಿಯ (ಅಜ್ಜಿಯ) ಹೆಸರಾಯಿತು, ರೇಣುಕಾ ಅತ್ತಿಯ ಹೆಸರಾಯಿತು. ಈಗಿನವರಿಗೆ ‘ದೇವರ ಹೆಸರೂ ಆಗಬೇಕು, ಓಣ್ಯಾಗ ಯಾರೂ ಇಟ್ಟಿರಬಾರದು’. ಹೀಗಾಗಿ ರಾತ್ರಿಯೆಲ್ಲ ಮೊಬೈಲ್ ಹಿಡಿದು ಗ್ರೀಸು, ರೋಮು, ಈಜಿಪ್ಟುಗಳ ಗುಡಿ ಸುತ್ತುತ್ತಾರೆ.

ಸುತ್ತಲಿ. ಸಿಕ್ಕ ಹೆಸರನ್ನು ಮಾತ್ರ ಮೂರು ಸಲ ಕೂಗಿ ನೋಡಬೇಕು: ಮುದ್ದಿನಿಂದ ಒಮ್ಮೆ, ಸಿಟ್ಟಿನಿಂದ ಒಮ್ಮೆ, ಓಣಿಯ ಆ ತುದಿಯಿಂದ ಒಮ್ಮೆ. ನಮ್ಮಲ್ಲಿ ಮುದ್ದಿಗೆ ‘ಅವ್ವ’ ಸೇರುತ್ತದೆ, ಸಿಟ್ಟಿಗೆ ಹೆಸರಿನ ಬಾಲ ‘ಇ’ ಆಗುತ್ತದೆ. ದುರ್ಗವ್ವ ದುರ್ಗಿಯಾದಂತೆ ಹೂಗಳ ದೇವಿ ಫ್ಲೋರಾ ಪ್ಲೋರಿ ಆಗುತ್ತಾಳೆ. ‘ಫ’ ಆಯಿಯ ಬಾಯಲ್ಲಿ ನಿಲ್ಲುವುದಿಲ್ಲ. ರೋಮಿನ ಬೇಟೆಯ ದೇವಿ ಡಯಾನಾ ಎರಡು ವಾರದೊಳಗೆ ದಾನವ್ವ ಆಗಿ, ಗುಡ್ಡಾಪುರದ ದಾನಮ್ಮನ ಲೆಕ್ಕಕ್ಕೆ ಸೇರುತ್ತಾಳೆ. ಇದು ನಷ್ಟವೇನಲ್ಲ. ಕಷ್ಟ ಅಥೀನಾಳದು. ಜ್ಞಾನಕ್ಕೂ ಯುದ್ಧಕ್ಕೂ ಅಧಿದೇವತೆ, ಗೂಬೆಯ ಗೆಳತಿ, ಅಥೆನ್ಸ್ ಪಟ್ಟಣದ ಒಡತಿ. ಬೆಳಗಾವಿ ಜಿಲ್ಲೆಯಲ್ಲಿ ಅವಳ ಹೆಸರು ಹೇಳಿದರೆ ಬರುವ ಮೊದಲ ಪ್ರಶ್ನೆ: “ಅಥಣಿ ಕಡಿಯಾವರೇನ್ರಿ?”

ಕೆಲವನ್ನು ಕೂಗುವ ಮೊದಲೇ ಕೈಬಿಡಬೇಕು. ಲೂನಾ ರೋಮಿನ ಚಂದ್ರದೇವಿ, ನಮ್ಮ ಕಡೆ ಹಾಲಿನ ಕ್ಯಾನು ತೂಗುಹಾಕಿಕೊಂಡು ಹೋಗುವ ಪೆಡಲ್ ಗಾಡಿ. ಗೆಲುವಿನ ದೇವತೆ ನೈಕಿ ಬೂಟಿನ ಪಾಲಾಗಿದ್ದಾಳೆ. ಈಜಿಪ್ಟಿನ ಮಹಾತಾಯಿ ಐಸಿಸ್, ಪಾಪ, ಅವಳದೇನೂ ತಪ್ಪಿಲ್ಲ. ಆದರೂ ಆ ಹೆಸರು ಹೊತ್ತ ಹುಡುಗಿ ವಿಮಾನ ನಿಲ್ದಾಣದಲ್ಲಿ ಎಷ್ಟು ಸಲ ವಿವರಣೆ ಕೊಡಬೇಕು? ಉಷೆಯಂಥ ಅರೋರಾ ಚೆಂದವೇ, ಹಾಜರಿ ಪುಸ್ತಕದಲ್ಲಿ ಮಾತ್ರ ಪಂಜಾಬಿ ಅಡ್ಡಹೆಸರಿನಂತೆ ಕಾಣುತ್ತದೆ. ನಾರ್ವೆ ಕಡೆಯ ಪಾತಾಳದೇವಿ ಹೆಲಾ ಕನ್ನಡದ ಮನೆಗೆ ಏಕೆ ಬೇಡ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಸಲೀಸಾಗಿ ಒಗ್ಗುವವರು ಇಬ್ಬರು. ಹರ್ಮೀಸನ ತಾಯಿ ಮಾಯಾ: ಗ್ರೀಸಿಗೂ ಆಯಿತು, ಚಿಂಚಲಿ ಮಾಯಕ್ಕನಿಗೂ ಹರಕೆ ತೀರಿತು. ಇನ್ನೊಬ್ಬಳು ರಿಯಾ, ಗ್ರೀಕರ ದೇವರಾಜ ಸ್ಯೂಸನ ತಾಯಿ. ಗಂಡ ಕ್ರೋನಸ್ ಹುಟ್ಟಿದ ಮಕ್ಕಳನ್ನೆಲ್ಲ ನುಂಗುತ್ತಿದ್ದ. ಕೊನೆಯ ಕೂಸನ್ನು ಅಡಗಿಸಿಟ್ಟು, ಒಂದು ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಳು, ಅವನು ಅದನ್ನೇ ನುಂಗಿದ. ನಮ್ಮಲ್ಲಿ ಹಲವು ಮನೆಗಳಲ್ಲಿ ತೊಟ್ಟಿಲಿಗೆ ಹಾಕುವ ದಿನ ಗುಂಡಕಲ್ಲಿಗೆ ಕುಲಾವಿ ತೊಡಿಸಿ, ಕೂಸಿಗಿಂತ ಮೊದಲು ಅದನ್ನು ತೊಟ್ಟಿಲ ಕೆಳಗಿಂದ ಕೈಯಿಂದ ಕೈಗೆ ದಾಟಿಸುತ್ತಾರೆ. ರಿಯಾ ಅಂದು ಬಂದಿದ್ದರೆ ಏನು ನಡೆದಿದೆ ಎಂದು ಯಾರನ್ನೂ ಕೇಳುತ್ತಿರಲಿಲ್ಲ.

‘ಆ ದೇವಿ ಕಥಿ ಛಲೋ ಇಲ್ಲ’ ಎಂಬ ತಕರಾರು ಹಿರಿಯರಿಂದ ಬಂದೇ ಬರುತ್ತದೆ. ಆರ್ಟೆಮಿಸ್ ಮದುವೆಯೇ ಬೇಡವೆಂದು ತಂದೆಯಿಂದ ವರ ಪಡೆದವಳು, ಹೇರಾಳದು ಜನ್ಮವಿಡೀ ಸವತಿ ಮತ್ಸರ, ನಾರ್ವೆ ಕಡೆಯ, ಬೆಕ್ಕುಗಳ ರಥದ ಫ್ರೇಯಾ ರಣದಲ್ಲಿ ಸತ್ತವರಲ್ಲಿ ಅರ್ಧ ಜನರನ್ನು ಒಯ್ಯುವವಳು. ಈ ತಕರಾರನ್ನು ಬಹಳ ಕಿವಿಗೆ ಹಾಕಿಕೊಳ್ಳಬೇಕಿಲ್ಲ. ರೇಣುಕೆಯ ತಲೆ ಕಡಿದವನು ಹೆತ್ತ ಮಗನೇ, ಆದರೂ ಮನೆಗೊಬ್ಬ ರೇಣುಕಾ ಇದ್ದಾಳೆ. ಪಾತಾಳದಲ್ಲಿ ದಾಳಿಂಬೆಯ ಕಾಳು ತಿಂದು ಅಲ್ಲೇ ಸಿಕ್ಕಿಬಿದ್ದ ಪರ್ಸೆಫನಿಯ ಕಥೆಯಂತೂ ದಾಳಿಂಬೆ ಬೆಳೆಯುವ ವಿಜಯಪುರ, ಬಾಗಲಕೋಟೆಯವರಿಗೆ ತಟ್ಟನೆ ಹತ್ತುತ್ತದೆ. ಮಗಳಿಗಾಗಿ ಭೂಮಿಯನ್ನೇ ಬಂಜರು ಮಾಡಿದ ಅವಳ ತಾಯಿ ಡಿಮೀಟರ್ ಧಾನ್ಯದ ದೇವಿ. ಎಳ್ಳಮಾಸಿಗೆ ಜೋಳದ ಹೊಲದಲ್ಲಿ ಚರಗ ಚೆಲ್ಲುವವರಿಗೆ ಹೊಸಬಳಲ್ಲ. ಕಥೆ ಚೊಕ್ಕ, ತೊಡಕು ಹೆಸರಿನದು. ಪರ್ಸೆಫನಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಪರ್ಸ್-ಫೋನ್ ಎಂದು ಓದುತ್ತಾರೆ, ಡಿಮೀಟರ್ ಎಂದರೆ ಕರೆಂಟಿನವರು ನೆನಪಾಗುತ್ತಾರೆ.

ಹೆಸರಿನ ಮೊದಲ ಅಕ್ಷರಕ್ಕೆ ಪಂಚಾಂಗ ನೋಡುವವರಿಗೆ ಒಂದು ಅನುಕೂಲವಿದೆ. 27 ನಕ್ಷತ್ರ, ತಲಾ 4 ಪಾದ, ಒಟ್ಟು 108 ಅಕ್ಷರ. ಪೂರ್ವಾಷಾಢದ ಮೂರನೆಯ ಪಾದಕ್ಕೆ ‘ಫಾ’ ಬಂದಾಗ ಮನೆಮಂದಿ ತಲೆ ಕೆರೆದುಕೊಳ್ಳುತ್ತಾರೆ. ಫ್ರೇಯಾ, ಫ್ಲೋರಾ ಕೆಲಸಕ್ಕೆ ಬರುವುದು ಅಲ್ಲಿ. ಕೃತ್ತಿಕೆಯ ಮೊದಲ ಪಾದದ ‘ಅ’ಗೆ ಪರ್ಷಿಯಾದ ಜಲದೇವಿ ಅನಾಹಿತಾ ಇದ್ದಾಳೆ, ಆಯಿಯ ನಾಲಿಗೆಗೂ ಸುಲಭ.

ಉಳಿದದ್ದು ಕಾಗದ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಆದರೆ ಹೆಸರಿಗೆ ಅವಸರವಿಲ್ಲ: 12 ತಿಂಗಳವರೆಗೆ ಶುಲ್ಕವಿಲ್ಲದೆ, ಆಮೇಲೆ 15 ವರ್ಷದವರೆಗೆ ತಡದ ಶುಲ್ಕ ಕೊಟ್ಟು ಸೇರಿಸಬಹುದು. 2023ರ ಅಕ್ಟೋಬರ್ 1ರಿಂದೀಚೆ ಹುಟ್ಟಿದವರಿಗೆ ಶಾಲೆಯಿಂದ ಪಾಸ್‌ಪೋರ್ಟ್‌ವರೆಗೆ ಹುಟ್ಟಿದ ದಿನಾಂಕಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಆದ್ದರಿಂದ ಕನ್ನಡದಲ್ಲಿ ಫ್ರೇಯಾ, ಫ್ರೆಯಾ, ಫ್ರೇಯ ಈ ಮೂರರಲ್ಲಿ ಯಾವುದು, ಇಂಗ್ಲಿಷಿನಲ್ಲಿ ಯಾವ ಕಾಗುಣಿತ ಎಂದು ಚೀಟಿಯಲ್ಲಿ ಬರೆದುಕೊಂಡೇ ಕಚೇರಿಗೆ ಹೋಗಬೇಕು. ಬಾಯಲ್ಲಿ ಹೇಳಿದರೆ ಬರೆದುಕೊಳ್ಳುವವರು ತಮಗೆ ಗೊತ್ತಿರುವ ಹತ್ತಿರದ ಹೆಸರು ಬರೆಯುತ್ತಾರೆ, ಅದು ಬಹುಮಟ್ಟಿಗೆ ಪ್ರಿಯಾ.