ಜೂನ್‌ನಲ್ಲಿ ಹೋದರೆ ಗೇಟೇ ತೆರೆದಿರುವುದಿಲ್ಲ

ಒಡಿಶಾದ ಭಿತರಕನಿಕಾ ರಾಷ್ಟ್ರೀಯ ಉದ್ಯಾನ ಹನಿಮೂನ್‌ಗೆ ಒಳ್ಳೆಯ ಜಾಗ ಅನ್ನುವ ನಿಮ್ಮ ಲೇಖನದ ಮಾತನ್ನು ಒಪ್ಪುತ್ತೇನೆ. ಆದರೆ 'ಜನಸಂದಣಿ ಬೇಡವೆಂದರೆ ಜೂನ್‌ನಲ್ಲಿ ಹೋಗಿ' ಎಂದು ಅದರಲ್ಲಿ ಬರೆದಿದ್ದೀರಲ್ಲ, ಅದು ತಪ್ಪು. ಮೇ ತಿಂಗಳಿಂದ ಜುಲೈವರೆಗೆ ಪ್ರವಾಸಿಗರನ್ನು ಒಳಗೆ ಬಿಡುವುದೇ ಇಲ್ಲ. ಅದು ಉಪ್ಪುನೀರಿನ ಮೊಸಳೆಗಳು ಮೊಟ್ಟೆ ಇಡುವ ಕಾಲ. ಎಲೆ, ಮಣ್ಣು ಗುಡ್ಡೆ ಹಾಕಿ ಗೂಡು ಮಾಡಿ, ತಾಯಿ ಮೊಸಳೆ ಪಕ್ಕದಲ್ಲೇ ಕಾವಲು ಕೂತಿರುತ್ತದೆ. ಹತ್ತಿರ ಹೋದವರನ್ನು ಅದು ಸುಮ್ನೆ ಬಿಡುವುದಿಲ್ಲ. ಜನಸಂದಣಿ ಇಲ್ಲ ನಿಜ, ಅಲ್ವಾ? ನೀವೂ ಇರುವುದಿಲ್ಲ!

ನಾವು ಮದುವೆಯಾದ ಹೊಸದರಲ್ಲಿ ಹೋಗಿದ್ದು ಜನವರಿಯಲ್ಲಿ. ಚಳಿಗಾಲದಲ್ಲಿ ಮೈ ಕಾಯಿಸಿಕೊಳ್ಳಲು ಮೊಸಳೆಗಳು ಕೆಸರಿನ ದಡಕ್ಕೆ ಬರುತ್ತವೆ, ಅದಕ್ಕೇ ಆಗ ಜಾಸ್ತಿ ಕಾಣುತ್ತವೆ. ಅದರಲ್ಲೂ ಸಮುದ್ರ ಇಳಿತವಿರುವಾಗ ದೋಣಿ ಹತ್ತಬೇಕು. ನೀರು ಇಳಿದಂತೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಉಸಿರಾಡುವ ಬೇರುಗಳು ಕೆಸರಿನಿಂದ ಮೊಳೆ ಹೊಡೆದ ಹಾಗೆ ಮೇಲೆದ್ದು ನಿಲ್ಲುತ್ತವೆ. ಅವುಗಳ ಪಕ್ಕದಲ್ಲೇ ಬಾಯಿ ತೆರೆದುಕೊಂಡು ಮಲಗಿದ್ದ ಒಂದು ಮೊಸಳೆಯನ್ನು ಬಿದ್ದ ಮರದ ದಿಮ್ಮಿ ಅಂದುಕೊಂಡಿದ್ದ ನನ್ನ ಹೆಂಡತಿ, ಅದು ಜಾರಿ ನೀರಿಗಿಳಿದ ಮೇಲೆ ದೋಣಿಯ ಅಂಚಿನಿಂದ ಕೈ ತೆಗೆದವಳು ಮತ್ತೆ ಇಡಲಿಲ್ಲ. ಸಮುದ್ರ ಉಬ್ಬರವಿರುವಾಗ ಇದೇ ದಡ ಮುಳುಗಿರುತ್ತದೆ, ಬರೀ ಹಸಿರು ಗೋಡೆ ನೋಡಿ ವಾಪಸ್ ಬರಬೇಕು. ಮಿಂಚುಳ್ಳಿಗಳು ಸಿಗುತ್ತವೆ ಬಿಡಿ, ಅವೂ ಚೆಂದವೇ.

ಹಾಗಾಗಿ ರೂಮು ಬುಕ್ ಮಾಡುವ ಮೊದಲೇ ಆ ದಿನದ ಉಬ್ಬರ-ಇಳಿತದ ಸಮಯ ಕೇಳಿಕೊಳ್ಳಿ. ಲೇಖನದಲ್ಲಿ ಆ ಜೂನ್ ಸಾಲನ್ನು ದಯವಿಟ್ಟು ತಿದ್ದಿ. ಅದನ್ನು ನಂಬಿ ಯಾರಾದರೂ ಟಿಕೆಟ್ ಮಾಡಿಸಿಬಿಟ್ಟಾರು.