ನಾನು ನೋಡದೆ ಗೆದ್ದ ಕಪ್

ಆರ್‌ಸಿಬಿ ಸೋತರೆ ನಮ್ಮ ಮನೆಯಲ್ಲಿ ಯಾರೂ ಬೌಲರ್‌ಗಳನ್ನು ಬಯ್ಯುವುದಿಲ್ಲ. ನನ್ನನ್ನು ಬಯ್ಯುತ್ತಾರೆ.

ಇದು ಶುರುವಾಗಿದ್ದು 2016ರ ಮೇ 29ಕ್ಕೆ. ಚಿನ್ನಸ್ವಾಮಿಯಲ್ಲೇ ಐಪಿಎಲ್ ಫೈನಲ್, ಗೆಲ್ಲೋಕೆ 209 ಬೇಕು. ಗೇಲ್ ಬಾರಿಸಿದ ರಭಸಕ್ಕೆ ಹನ್ನೊಂದನೇ ಓವರ್ ಹೊತ್ತಿಗೆ ಒಂದೂ ವಿಕೆಟ್ ಬೀಳದೆ 114. ನಾನು ಸೋಫಾದ ತುದಿಯಲ್ಲಿ ಒಂದು ಕಾಲು ಮಡಚಿ ಕೂತಿದ್ದೆ. ಕಾಲು ಜೋಮು ಹಿಡಿದಿತ್ತು. ಸುಮ್ನೆ ಚಾಚಿದೆ, ಅಷ್ಟೇ. ಗೇಲ್ ಔಟ್! ಹಿಂದೆಯೇ ಕೊಹ್ಲಿ, ಎಬಿ ಡಿವಿಲಿಯರ್ಸ್. ಕೊನೆಗೆ 8 ರನ್ನಿನ ಸೋಲು.

"ಇನ್ನೊಂದು ಹತ್ತು ಓವರ್ ತಡ್ಕೊಳ್ಳೋಕೆ ಆಗ್ಲಿಲ್ವೇನೋ ನಿಂಗೆ?" ಅಂದಳು ಅಮ್ಮ.

ನಾನೂ ವಾದ ಮಾಡಿದೆ. "2009ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ 6 ರನ್ನಿಂದ ಸೋತಾಗ ನನ್ನ ಕಾಲು ನೆಟ್ಟಗೇ ಇತ್ತು."

"ಅದಕ್ಕೇ ಸೋತಿದ್ದು," ಅಂದಳು ಹೆಂಡತಿ.

ಅಲ್ಲಿಂದಾಚೆಗೆ ಕಾಲು ಮಡಚಿಯೇ ನೋಡಿದೆ. 2017ರಲ್ಲಿ ಕೋಲ್ಕತ್ತದಲ್ಲಿ 49ಕ್ಕೆ ಆಲೌಟ್ ಆದರಲ್ಲ, ಅವತ್ತು ಮಾತ್ರ ಮಡಚುವಷ್ಟು ಸಮಯ ಸಿಗಲಿಲ್ಲ.

ನನ್ನ ಕೇಸು ಪೂರ್ತಿ ಬಿದ್ದುಹೋಗಿದ್ದು 2024ರ ಮಾರ್ಚ್‌ನಲ್ಲಿ. ಆರ್‌ಸಿಬಿಯ ಸ್ಮೃತಿ ಮಂಧಾನ ಪಡೆ ಮಹಿಳೆಯರ ಐಪಿಎಲ್ ಆದ ಡಬ್ಲ್ಯುಪಿಎಲ್‌ನ ಎರಡನೇ ವರ್ಷಕ್ಕೇ ಕಪ್ ಗೆದ್ದಿತು. ಅದೇ ಹೊತ್ತಿಗೆ ನಾನು ಹಾಸನದಲ್ಲಿ ಒಂದು ಆರತಕ್ಷತೆಯ ಊಟದ ಸಾಲಿನಲ್ಲಿದ್ದೆ. "ನೋಡಿದ್ರಾ, ನೀವು ಟೀವಿ ಮುಂದೆ ಇರಲಿಲ್ಲ!" ಫೋನಿನಲ್ಲಿ ಹೆಂಡತಿಯ ಖುಷಿ. ಇನ್ನೇನು ಸಾಕ್ಷಿ ಬೇಕು?

ಹಾಗಾಗಿ ಕಳೆದ ವರ್ಷ, ಅಂದರೆ 2025ರ ಜೂನ್ 3ರಂದು, ಅಹಮದಾಬಾದ್ ಫೈನಲ್ ದಿನ ನನಗೆ ಅಡುಗೆಮನೆ. ಕೈಗೆ ಅರ್ಧ ಕೇಜಿ ಬೆಳ್ಳುಳ್ಳಿ. ನಾವು 190 ಹೊಡೆದದ್ದು ನನಗೆ ಗೊತ್ತಾಗಿದ್ದು ಗೋಡೆಯಾಚೆಯ ಕಿರುಚಾಟದಿಂದ. ಕಿರುಚಿದರೆ ಫೋರ್, ಕುಣಿದರೆ ಸಿಕ್ಸ್, ಗಪ್‌ಚುಪ್ ಆದರೆ ವಿಕೆಟ್. ಪಂಜಾಬ್ ಆಡುವಾಗ ಲೆಕ್ಕ ಉಲ್ಟಾ.

ಕೊನೆಯ ಓವರ್. ಪಂಜಾಬ್‌ಗೆ 29 ಬೇಕು. ಹೇಜಲ್‌ವುಡ್ ಮೊದಲ ಎರಡು ಬಾಲಿಗೆ ರನ್ನೇ ಕೊಡಲಿಲ್ಲ. ನಾಲ್ಕಕ್ಕೆ ನಾಲ್ಕೂ ಸಿಕ್ಸ್ ಹೊಡೆದರೂ 24 ತಾನೇ?

"ಬನ್ರೀ, ಇನ್ನು ನೀವು ಬಂದ್ರೂ ಏನೂ ಆಗಲ್ಲ," ಅಂತ ಹೆಂಡತಿ ಕರೆದಳು.

ಬಂದೆ. ಟೀವಿಯಲ್ಲಿ ಕೊಹ್ಲಿಯ ಕಣ್ಣು ಒದ್ದೆ. ನನ್ನದೂ ಒದ್ದೆ, ಅದರಲ್ಲಿ ಬೆಳ್ಳುಳ್ಳಿ ಕೈ ಉಜ್ಜಿಕೊಂಡದ್ದೂ ಸೇರಿತ್ತು ಅನ್ನಿ.

ಶಶಾಂಕ್ ಸಿಂಗ್ ಸಿಕ್ಸ್ ಎತ್ತಿದ. ಆಮೇಲೆ ಫೋರ್. ಮತ್ತೆ ಸಿಕ್ಸ್.

ಮನೆಯವರೆಲ್ಲ ಟೀವಿ ಬಿಟ್ಟು ನನ್ನ ಕಡೆ ತಿರುಗಿದರು.

"ಒಂದೇ ಬಾಲು, 13 ಬೇಕು ಕಣ್ರೀ!" ಅಂತ ಗೋಗರೆದೆ.

"ನೋಬಾಲ್ ಹಾಕಿದ್ರೆ?" ಅಂದಳು ಅಮ್ಮ. ಹದಿನೇಳು ವರ್ಷ ಕಾದವರನ್ನು ಲೆಕ್ಕ ಹೇಳಿ ಒಪ್ಪಿಸೋಕೆ ಆಗುತ್ತಾ? ಮಗಳು ನನ್ನನ್ನು ಅಡುಗೆಮನೆಗೆ ತಳ್ಳಿ ಚಿಲಕ ಹಾಕಿದಳು. ಕೊನೆಯ ಬಾಲೂ ಸಿಕ್ಸೇ. ಆದರೂ 6 ರನ್ನಿಂದ ಗೆದ್ದೆವು. ಬೀದಿಯಲ್ಲಿ ಪಟಾಕಿ, ಒಳಗೆ ಕುಣಿತ. ನನ್ನ ಚಿಲಕ ತೆಗೆಯಬೇಕು ಅಂತ ಯಾರಿಗೂ ಹತ್ತು ನಿಮಿಷ ನೆನಪಾಗಲಿಲ್ಲ.

ರಾತ್ರಿ ಒಂದು ಗಂಟೆಗೆ ಹೈಲೈಟ್ಸ್ ಬಂತು. "ಇದನ್ನಾದ್ರೂ ನೋಡಬಹುದಾ?" ಅಂತ ಕೇಳಿದೆ.

ಅಮ್ಮ ಸ್ವಲ್ಪ ಹೊತ್ತು ಯೋಚಿಸಿದಳು.