ದೊಡ್ಡ ಚೊಣಕವನ್ನು ಕಾಳಿಗೇ ಬಿಡೋಣ

ರಾತ್ರಿ ಗಾಳ ಹಾಕುವುದರಲ್ಲಿ ಅಂಥದ್ದೇನು ಸುಖ ಎಂದು ಕೇಳುವವರು ಒಮ್ಮೆ ಕಾರವಾರದ ಕೋಡಿಬಾಗಕ್ಕೆ ಹೋಗಬೇಕು. ಕಾಳಿ ನದಿ ಸಮುದ್ರ ಸೇರುವ ಆ ಜಾಗದಲ್ಲಿ, ಭರತಿ ಏರುವ ಹೊತ್ತಿಗೆ, ಕಣ್ಣಿಗಿಂತ ಕಿವಿಗೇ ಹೆಚ್ಚು ಕೆಲಸ. ಸೇತುವೆಯ ದೀಪದ ಬೆಳಕು ಮುಗಿದು ನೆರಳು ಶುರುವಾಗುವ ಕಡೆ ಚೊಣಕ ಮೀನು ಹೊಂಚು ಹಾಕಿ ನಿಂತಿರುತ್ತದೆ. ಬೆಳಕಿಗೆ ಬಂದ ಶೆಟ್ಲಿಯನ್ನು (ಸಿಗಡಿಯನ್ನು) ನೀರಿನ ಸಮೇತ ಬಾಯಿಗೆ ಎಳೆದುಕೊಂಡಾಗ ಕತ್ತಲಲ್ಲಿ 'ಡುಬ್' ಎಂದು ಸದ್ದಾಗುತ್ತದೆ. ಆ ಸದ್ದು ಕೇಳಿದ ಮೇಲೆ ಮನೆಗೆ ಹೋಗಿ ಮಲಗಲು ಯಾರಿಗೂ ಮನಸ್ಸು ಬರುವುದಿಲ್ಲ.

ನಾನೀಗ ಇರುವುದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಟೌನ್ಸ್‌ವಿಲ್‌ನಲ್ಲಿ. ಇಲ್ಲಿಯವರು ಹುಚ್ಚು ಹಿಡಿದಂತೆ ಹುಡುಕುವ ಬಾರಾಮುಂಡಿ ನಮ್ಮ ಚೊಣಕವೇ. ಬ್ಯಾಟ್ರಿ ಬೆಳಕು ಬಿಟ್ಟರೆ ಕೆಂಪಗೆ ಹೊಳೆಯುವ ಅದೇ ಕಣ್ಣು, ಗಾಳಕ್ಕೆ ಸಿಕ್ಕ ಕೂಡಲೇ ನೀರಿನಿಂದ ಮೇಲೆ ಹಾರುವ ಅದೇ ಹಟ. ಆದರೆ ಇಲ್ಲಿಯ ರಾತ್ರಿ ಬೇರೆ. ಅಳಿವೆಗಳಲ್ಲಿ ಉಪ್ಪುನೀರಿನ ಮೊಸಳೆಗಳಿರುವುದರಿಂದ ನೀರಿನ ಅಂಚಿನಿಂದ 5 ಮೀಟರ್ ದೂರ ನಿಲ್ಲಿ, ಮೀನಿನ ಚೂರು ದಡದಲ್ಲಿ ಬಿಡಬೇಡಿ ಎಂದು ಸರ್ಕಾರ ಎಚ್ಚರಿಸುತ್ತದೆ. ಕಾಲು ಇಳಿಬಿಟ್ಟು ಕಲ್ಲಿನ ಮೇಲೆ ಕೂರುವ ಮಾತೇ ಇಲ್ಲ. ಕಾರವಾರದಲ್ಲಾದರೆ ಪಕ್ಕದಲ್ಲಿ ಕೂತ ಹಿರಿಯರು, "ಬ್ಯಾಟ್ರಿ ಆರ್ಸು ತಮಾ, ಮೀನು ಹೆದರ್ತದೆ" ಎಂದು ಗದರುತ್ತಾರೆ, ನಮ್ಮ ಶೆಟ್ಲಿ ಮುಗಿದರೆ ತಮ್ಮ ಡಬ್ಬಿಯಿಂದ ಕೊಡುತ್ತಾರೆ. ಮಾತು, ಮೌನ ಎರಡಕ್ಕೂ ಅಲ್ಲಿ ಜಾಗವಿದೆ. ರಾತ್ರಿಯ ಸುಖ ನಮ್ಮೂರಿನದೇ ಹೆಚ್ಚು ಎಂದು ನಾನು ಯಾರ ಮುಂದೆಯೂ ಹೇಳಬಲ್ಲೆ.

ಆದರೆ ಮೀನು ಕೈಗೆ ಬಂದ ಮೇಲಿನ ಕ್ರಮ ಇಲ್ಲಿಯವರದು ಒಳ್ಳೆಯದು. ಬಾರಾಮುಂಡಿಯನ್ನು ಮೊದಲು ಅಳೆಯುತ್ತಾರೆ. 58 ಸೆಂ.ಮೀ.ಗಿಂತ ಚಿಕ್ಕದಿದ್ದರೆ ನೀರಿಗೆ ಬಿಡಬೇಕು. 120 ಸೆಂ.ಮೀ.ಗಿಂತ ದೊಡ್ಡದಿದ್ದರೂ ಬಿಡಬೇಕು. ಮರಿಯನ್ನು ಬಿಡುವುದು ಯಾರಿಗೂ ಅರ್ಥವಾಗುತ್ತದೆ, ದೊಡ್ಡದನ್ನೇಕೆ? ಈ ಮೀನು ಮೊದಲು ಗಂಡಾಗಿ ಬೆಳೆಯುತ್ತದೆ. ಕೆಲವು ವರ್ಷ ಕಳೆದು, ಮೀಟರ್ ಉದ್ದದ ಆಸುಪಾಸಿಗೆ ಬರುವ ಹೊತ್ತಿಗೆ ಹೆಣ್ಣಾಗುತ್ತದೆ. ಅಂದರೆ ನಾವು ಎತ್ತಿ ಹಿಡಿದು ಫೋಟೋ ತೆಗೆಸಿಕೊಳ್ಳುವ ಆ ಭಾರೀ ಚೊಣಕ ಹೆಚ್ಚುಕಡಿಮೆ ಯಾವಾಗಲೂ ತಾಯಿ ಮೀನು, ಲಕ್ಷಗಟ್ಟಲೆ ಮೊಟ್ಟೆ ಇಡುವಂಥದ್ದು. ಅದನ್ನು ತೆಗೆದರೆ ಆ ಜಾಗ ತುಂಬಲು ಇನ್ನೊಂದು ಗಂಡು ಮೀನು ವರ್ಷಗಟ್ಟಲೆ ಬಲೆ, ಗಾಳ ಎಲ್ಲವನ್ನೂ ತಪ್ಪಿಸಿಕೊಂಡು ಬದುಕಬೇಕು.

ಕಾಲದ ಲೆಕ್ಕವೂ ಹಾಗೆಯೇ. ಇಲ್ಲಿನ ಪೂರ್ವ ಕರಾವಳಿಯಲ್ಲಿ ನವೆಂಬರ್ 1ರಿಂದ ಫೆಬ್ರವರಿ 1ರವರೆಗೆ ಬಾರಾಮುಂಡಿ ಹಿಡಿಯುವಂತಿಲ್ಲ, ಹವ್ಯಾಸಿಗೂ ವಿನಾಯಿತಿಯಿಲ್ಲ. ಇಲ್ಲಿನ ಮಳೆಗಾಲಕ್ಕೆ ಮೀನು ಅಳಿವೆಬಾಯಿಗೆ ಮೊಟ್ಟೆ ಇಡಲು ಬರುವ ಸಮಯ ಅದು. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧ ಇರುವುದು ಯಾಂತ್ರಿಕ ದೋಣಿಗಳಿಗೆ. ಟ್ರಾಲರ್‌ಗಳು ಬೈತಖೋಲ ಬಂದರಿನಲ್ಲಿ ಲಂಗರು ಹಾಕಿರುವ ಅದೇ ದಿನಗಳಲ್ಲಿ ನಾವು ಹವ್ಯಾಸಿಗಳು ಕೆಂಪು ನೀರಿನ ಕಾಳಿಯ ಬಾಯಲ್ಲಿ ತಾಯಿ ಮೀನಿಗೇ ಗಾಳ ಹಾಕುತ್ತೇವೆ. ಇದು ನನ್ನನ್ನು ನಿಜಕ್ಕೂ ಕಾಡುವ ವಿಷಯ.

ಹೊಟ್ಟೆಪಾಡಿಗೆ ಪಾತಿ ದೋಣಿ ಹತ್ತುವ ಹರಿಕಂತ್ರ, ಖಾರ್ವಿ, ಅಂಬಿಗ ಮನೆಗಳವರಿಗೆ ನಾನು ಇದನ್ನು ಹೇಳುತ್ತಿಲ್ಲ. ಒಂದು ದೊಡ್ಡ ಚೊಣಕ ಅವರ ಮನೆಯ ವಾರದ ಖರ್ಚು. ನಾನು ಕೇಳುತ್ತಿರುವುದು ಸಂಬಳದ ಕೆಲಸವಿದ್ದು, ಖುಷಿಗೆಂದು ರಾತ್ರಿ ದಡಕ್ಕೆ ಬರುವ ನನ್ನಂಥವರನ್ನು. ಸಾರಿಗೆ ನಡುಗಾತ್ರದ ಒಂದು ಮೀನು ಸಾಕು. ತೋಳುದ್ದ ಮೀರಿದ್ದು ಸಿಕ್ಕರೆ ಕಲ್ಲಿನ ಮೇಲೆ ಎಳೆದು ಹಾಕದೆ, ಕಿವಿರಿಗೆ ಬೆರಳು ಹಾಕದೆ, ನೀರಿನಲ್ಲೇ ಗಾಳ ಬಿಡಿಸಿ. ಭರತಿಯ ಕಡೆಗೆ ಮುಖ ಮಾಡಿ ಹಿಡಿದು, ಅದು ತಾನಾಗಿ ಬಾಲ ಬೀಸುವವರೆಗೆ ಕಾಯಿರಿ. ಫೋಟೋ ಬೇಕಿದ್ದರೆ ಅಷ್ಟರೊಳಗೆ ತೆಗೆದುಕೊಳ್ಳಿ.